ಕಚ್ಚಾ ಕಾಂಕ್ರೀಟು, ಪಕ್ಕಾ ಮನೆ

ಕಟ್ಟಡವೊಂದನ್ನು ಚೆಂದ ಅಥವಾ ಕುರೂಪ ಎಂದು ಕರೆಯುವ ಹಕ್ಕು ಯಾರಿಗಿದೆ? ಅದನ್ನು ನೋಡಿ ಹೋಗಲು ಬಂದವರಿಗೋ, ಅದರೊಳಗೆ ಬಾಳುವವರಿಗೋ? ಯುರೋಪಿನಲ್ಲಿ ಈಗ ಬೆಳೆದಿರುವ ಒಂದು ಬಗೆಯ ಪ್ರವಾಸವನ್ನು ಗಮನಿಸಿದಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಅಲ್ಲಿಗೆ ಹೋದವರು ಚರ್ಚು, ಅರಮನೆ, ವಸ್ತುಸಂಗ್ರಹಾಲಯಗಳನ್ನು ನೋಡಿ ಬರುತ್ತಿದ್ದ ಕಾಲವಿತ್ತು. ಈಗ ಕಮ್ಯುನಿಸ್ಟ್ ಆಡಳಿತದಲ್ಲಿ ಎದ್ದ ಬೂದು ಕಾಂಕ್ರೀಟಿನ ಕಟ್ಟಡಗಳನ್ನು ನೋಡಲೆಂದೇ ಹೋಗುವವರಿದ್ದಾರೆ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಜೆನೆಕ್ಸ್ ಗೋಪುರ ಎಂಬುದೊಂದಿದೆ. ಎತ್ತರದ ಎರಡು ಕಾಂಕ್ರೀಟ್ ಗೋಪುರಗಳು, ಮೇಲೆ ಅವನ್ನು ಕೂಡಿಸುವ ಒಂದು ಸೇತುವೆ. ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳದೆ ಇಂಥ ಪ್ರವಾಸಿಗರಿಗೆ ಸಮಾಧಾನವಿಲ್ಲ. 2018ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 1948ರಿಂದ 1980ರವರೆಗಿನ ಯುಗೊಸ್ಲಾವಿಯಾದ ಕಟ್ಟಡಗಳ ಬಗ್ಗೆಯೇ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತು. ಒಂದು ಕಾಲಕ್ಕೆ ಬಡತನದ, ಬಲಾತ್ಕಾರದ ಗುರುತು ಎನಿಸಿದ್ದು ಇಂದು ಕಲೆ ಎನಿಸಿಕೊಂಡಿದೆ.

ಈ ಶೈಲಿಗೆ ಬ್ರೂಟಲಿಸಂ ಎಂದು ಹೆಸರು. ಕೇಳಿದೊಡನೆ ಕ್ರೌರ್ಯ ನೆನಪಾಗುತ್ತದಾದರೂ ಮೂಲದಲ್ಲಿ ಆ ಅರ್ಥವಿಲ್ಲ. ಫ್ರೆಂಚಿನಲ್ಲಿ ‘ಬೇತೋಂ ಬ್ರ್ಯೂ’ ಎಂದರೆ ಕಚ್ಚಾ ಕಾಂಕ್ರೀಟು. ಗಿಲಾವು ಮಾಡದ, ಬಣ್ಣ ಬಳಿಯದ, ಎರಕ ಹೊಯ್ದ ಹಲಗೆಯ ಗೆರೆಗಳನ್ನು ಮೈಮೇಲೆ ಹಾಗೆಯೇ ಉಳಿಸಿಕೊಂಡ ಕಾಂಕ್ರೀಟು. ಲೆ ಕಾರ್ಬೂಸಿಯೇ 1952ರಲ್ಲಿ ಮಾರ್ಸೇಯಲ್ಲಿ ಮುಗಿಸಿದ ವಸತಿ ಕಟ್ಟಡದಲ್ಲಿ ಇದನ್ನು ಮರೆಮಾಚದೆ ತೋರಿಸಿದ. ಮುಂದೆ ನಮ್ಮ ಚಂಡೀಗಢಕ್ಕೂ ಅದನ್ನೇ ತಂದ. ಬಂಡವಾಳಶಾಹಿ ಲಂಡನ್ನಿನಲ್ಲೂ ಕಮ್ಯುನಿಸ್ಟ್ ಬೆಲ್‌ಗ್ರೇಡಿನಲ್ಲೂ ಇದು ಒಂದೇ ಮುಖದಲ್ಲಿ ಕಾಣಿಸಿಕೊಂಡಿತು.

ನಮ್ಮ ಕಡೆಯ ಕಿವಿಗೆ ಈ ಹೆಸರು ವಿಚಿತ್ರವಾಗಿ ಕೇಳುತ್ತದೆ. ನಮ್ಮಲ್ಲಿ ಕಾಂಕ್ರೀಟು ಎಂದೂ ಕಚ್ಚಾ ಆಗಿರಲಿಲ್ಲ. ಮಣ್ಣಿನ ಗೋಡೆ, ಹುಲ್ಲಿನ ಸೂರು ಇದ್ದರೆ ಕಚ್ಚಾ ಮನೆ. ಮೇಲೆ ಸ್ಲ್ಯಾಬು ಬಿದ್ದರೆ ಪಕ್ಕಾ ಮನೆ. ಸರ್ಕಾರಿ ಲೆಕ್ಕ ಬರೆದುಕೊಳ್ಳಲು ಬಂದವರೂ ಹಾಗೆಯೇ ಬರೆದುಕೊಳ್ಳುತ್ತಾರೆ, ಹೆಣ್ಣು ಕೊಡಲು ಬಂದವರೂ ಅದನ್ನೇ ನೋಡುತ್ತಾರೆ. ಪ್ರವಾಸಿ ಕಚ್ಚಾ ಎಂದು ಮೆಚ್ಚಿದ್ದನ್ನು ನಿವಾಸಿ ಪಕ್ಕಾ ಎಂದು ಬಯಸಿದ್ದಾನೆ. ನಮ್ಮ ಪ್ರಶ್ನೆಯ ಬೇರು ಇಲ್ಲಿಯೇ ಇದೆ.

ಆ ಬೂದು ಕಟ್ಟಡಗಳು ಯಾಕೆ ಎದ್ದವು ಎಂದು ಕೇಳಿದರೆ ಬಯಕೆಯ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಎರಡನೇ ಮಹಾಯುದ್ಧ ಯುರೋಪಿನ ಊರೂರುಗಳನ್ನು ನೆಲಸಮ ಮಾಡಿತ್ತು. ಸೋವಿಯತ್ ನಗರಗಳಲ್ಲಿ ಒಂದು ಕೋಣೆಗೊಂದು ಸಂಸಾರ, ಹಲವು ಸಂಸಾರಗಳಿಗೆ ಒಂದೇ ಅಡುಗೆಮನೆ. 1954ರ ಡಿಸೆಂಬರಿನಲ್ಲಿ ಕ್ರುಶ್ಚೇವ್ ವಾಸ್ತುಶಿಲ್ಪಿಗಳ ಮುಂದೆ ಮಾತಾಡಿ, ಕಂಬ ಕಮಾನುಗಳ ಅಲಂಕಾರ ಸಾಕು, ಕಾರ್ಖಾನೆಯಲ್ಲಿ ಗೋಡೆ ಎರಕ ಹೊಯ್ದು ತಂದು ಜೋಡಿಸಿ ಎಂಬ ದಾರಿ ಹಿಡಿಸಿದರು. ಲಿಫ್ಟಿನ ಖರ್ಚು ಉಳಿಸಲು ಐದೇ ಅಂತಸ್ತು. ಗೋಡೆ ತೆಳು, ಅಡುಗೆಮನೆ ಕಿರಿದು, ಎಲ್ಲಾ ಮನೆಗಳೂ ಒಂದೇ ರೂಪ. ಜನ ನಕ್ಕರು, ಬೈದರು. ಆದರೂ ಲಕ್ಷಾಂತರ ಕುಟುಂಬಗಳಿಗೆ ತಮ್ಮದೇ ಬಾಗಿಲು, ತಮ್ಮದೇ ಬಚ್ಚಲು ಸಿಕ್ಕಿದ್ದು ಮೊದಲ ಬಾರಿಗೆ ಅಲ್ಲಿಯೇ. ಕುರೂಪಿ ಎನ್ನಿಸಿದ ಕಟ್ಟಡ ಒಂದು ವಾಗ್ದಾನವನ್ನು ಹೊತ್ತುಕೊಂಡಿತ್ತು: ನಿಮಗೂ ಒಂದು ಮನೆ ಇದೆ ಎಂಬ ವಾಗ್ದಾನ. ಅದೇ ಪ್ರಭುತ್ವ ಅದೇ ಜನರ ಬಾಯಿ ಕಟ್ಟಿಸಿತ್ತು ಎಂಬುದನ್ನೂ ನಾವು ಮರೆಯಬಾರದು. ಸೂರು ಕೊಟ್ಟ ಕೈಗೆ ಬಾಯಿ ಮುಚ್ಚಿಸುವ ಹಕ್ಕು ಬರುವುದಿಲ್ಲ.

ಇಷ್ಟನ್ನು ತಿಳಿಯಲು ಬೆಲ್‌ಗ್ರೇಡಿಗೆ ಹೋಗಲೇಬೇಕೆಂದಿಲ್ಲ. ನಾವಂತೂ ಹೋದವರಲ್ಲ, ಚಿತ್ರಗಳಲ್ಲಿ ಕಂಡಿದ್ದೇವೆ ಅಷ್ಟೆ. ಆದರೆ ವಾಡಿ ಜಂಕ್ಷನ್ನಿನಲ್ಲಿ ಇಳಿದು ಚಿತ್ತಾಪುರ, ಮಳಖೇಡದ ಮೇಲೆ ಸೇಡಂವರೆಗೆ ಬಂದರೆ ಯಾವ ಪ್ರವಾಸಿಯೂ ಬೆರಗಾಗುವಷ್ಟು ಕಾಂಕ್ರೀಟು ಕಣ್ಣಿಗೆ ಬೀಳುತ್ತದೆ. ಕಿಟಕಿಯಿಲ್ಲದ ಉರುಟು ಸೈಲೋಗಳು, ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಗೋಪುರಗಳು, ಹೊಲಗಳ ಮೇಲಿಂದ ಹಾದುಹೋಗುವ ಕನ್ವೇಯರ್ ಪಟ್ಟಿಗಳು, ಒಂದೇ ಅಚ್ಚಿನಲ್ಲಿ ತೆಗೆದಂತೆ ಸಾಲುಸಾಲು ಕ್ವಾರ್ಟರ್ಸುಗಳು. ಇವುಗಳ ಚಿತ್ರ ತೆಗೆಯಲು ಮಾತ್ರ ಯಾರೂ ವಿಮಾನ ಹತ್ತಿ ಬರುವುದಿಲ್ಲ.

ಈ ನೆಲದ ಕೆಳಗೆ ಪದರ ಪದರವಾಗಿ ಸುಣ್ಣಕಲ್ಲು ಮಲಗಿದೆ. ಅದನ್ನು ಹಾಸಾಗಿ ಎಬ್ಬಿಸಿದರೆ ಶಹಾಬಾದಿ ಫರ್ಶಿ. ‘ಫರ್ಶ್’ ಎಂದರೆ ಉರ್ದುವಿನಲ್ಲಿ ನೆಲಹಾಸು. ನಮ್ಮ ಮನೆ, ಮಸೀದಿ, ಗುಡಿ, ಶಾಲೆಗಳ ನೆಲವೆಲ್ಲ ಅದೇ. ಎಷ್ಟೋ ಮನೆಗಳಿಗೆ ನೆತ್ತಿಯ ಮೇಲಿನ ಸೂರೂ ಅದೇ. ಅದೇ ಕಲ್ಲನ್ನು ಪುಡಿ ಮಾಡಿ ಸುಮಾರು 1450 ಡಿಗ್ರಿ ಉರಿಯಲ್ಲಿ ಸುಟ್ಟರೆ ಸಿಮೆಂಟು. ಶಹಾಬಾದಿನಲ್ಲಿ ನಿಜಾಮರ ಕಾಲಕ್ಕೇ ಸಿಮೆಂಟ್ ತಯಾರಾಗುತ್ತಿತ್ತು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ, ಅಲ್ಲಿ ಎಸಿಸಿ ಕಾರ್ಖಾನೆ ಬಂದದ್ದು 1968ರಲ್ಲಿ. ಆಮೇಲೆ ಮಳಖೇಡ, ಸೇಡಂಗಳಲ್ಲೂ ಚಿಮಣಿಗಳು ಎದ್ದವು.

ಸಮಾಜವಾದಿ ಯುರೋಪಿಗೆ ನಾವು ಅತ್ಯಂತ ಹತ್ತಿರ ಬಂದದ್ದು ಸೇಡಂ ತಾಲೂಕಿನ ಕುರಕುಂಟಾದಲ್ಲಿ. 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ ಅಲ್ಲಿ ಕಾರ್ಖಾನೆ ಕಟ್ಟಿತು. ದೇಶ ಕಟ್ಟುವ ಸಿಮೆಂಟನ್ನು ದೇಶವೇ ತಯಾರಿಸಬೇಕು ಎಂಬ ಕಾಲ ಅದು. ಸಿಮೆಂಟು ಬೇಕಾದವರು ಅರ್ಜಿ ಹಾಕಿ ಪರ್ಮಿಟ್ಟಿಗೆ ಕಾಯಬೇಕಿತ್ತು. ಸರ್ಕಾರ ಈ ನಿಯಂತ್ರಣವನ್ನು 1982ರಲ್ಲಿ ಭಾಗಶಃ ಸಡಿಲಿಸಿ, 1989ರಲ್ಲಿ ಪೂರ್ತಿ ತೆಗೆಯಿತು. ಮಾರುಕಟ್ಟೆ ತೆರೆದುಕೊಂಡ ಮೇಲೆ ಸರ್ಕಾರಿ ಕಾರ್ಖಾನೆಗಳು ಒಂದೊಂದಾಗಿ ಕುಸಿದವು. ಕುರಕುಂಟಾದಲ್ಲಿ 1998ರಲ್ಲಿ ಉತ್ಪಾದನೆ ನಿಂತಿತು. ಗಡಿಯಾಚೆ ತಾಂಡೂರಿನಲ್ಲಿ ಅದೇ ಸಂಸ್ಥೆಯ ಕಾರ್ಖಾನೆ ನಡೆಯುತ್ತಲೇ ಇತ್ತು.

ಸರ್ಕಾರಿ ಕಾರ್ಖಾನೆಯೆಂದರೆ ಬರೀ ಯಂತ್ರಗಳಲ್ಲ. ಅದರೊಂದಿಗೆ ಕ್ವಾರ್ಟರ್ಸು, ದವಾಖಾನೆ, ಮಕ್ಕಳ ಶಾಲೆ, ಸಂಜೆಗೊಂದು ಕ್ಲಬ್ಬು, ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು. ಸಮಾನತೆ ಅಲ್ಲಿ ಪೂರ್ತಿಯಾಗಿರಲಿಲ್ಲ. ಸಾಹೇಬರ ಬಂಗಲೆಗೆ ತೋಟವಿತ್ತು, ಗುತ್ತಿಗೆ ಕೂಲಿಯವನಿಗೆ ಕ್ವಾರ್ಟರ್ಸಿನ ಗೇಟಿನೊಳಗೆ ಜಾಗವಿರಲಿಲ್ಲ. ಆದರೂ ಹೊಲ ಬಿಟ್ಟುಕೊಟ್ಟ ಸಂಸಾರದ ಹುಡುಗನೊಬ್ಬ ಆ ಗೇಟಿನೊಳಗೆ ಕಾಲಿಟ್ಟರೆ ಮುಂದಿನ ಪೀಳಿಗೆಯ ದಾರಿ ಬದಲಾಗುತ್ತಿತ್ತು. ಕಾರ್ಖಾನೆ ಮುಚ್ಚಿದಾಗ ಸಂಬಳದ ಜೊತೆಗೆ ಈ ವಾಗ್ದಾನವೂ ಹೋಗುತ್ತದೆ. ಗೋಡೆಗಳು ಮಾತ್ರ ಉಳಿಯುತ್ತವೆ, ಹೇಳಿದ ಮಾತಿಗೆ ಸಾಕ್ಷಿಯಾಗಿ.

ಇಂಥ ಗೋಡೆಗಳ ಮುಂದೆ ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. ಒಂದು, ಕುರೂಪವಾಗಿದೆ, ಕೆಡವಿ ಹಾಕಿ. ಇನ್ನೊಂದು, ಅಪರೂಪವಾಗಿದೆ, ಕಾಪಾಡಿ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ರೂಪಿಸಿದ ಹಾಲ್ ಆಫ್ ನೇಷನ್ಸ್ 1972ರ ಕಟ್ಟಡ. ಸ್ವತಂತ್ರ ಭಾರತದ ಕಾಂಕ್ರೀಟಿನ ಹೆಮ್ಮೆ. 2017ರ ಏಪ್ರಿಲಿನಲ್ಲಿ ಅದನ್ನು ಕೆಡವಲಾಯಿತು. ಲಂಡನ್ನಿನಲ್ಲಿ ಬಡವರಿಗಾಗಿ 1972ರಲ್ಲಿ ಕಟ್ಟಿ ಮುಗಿಸಿದ ರಾಬಿನ್ ಹುಡ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯವನ್ನೂ 2017ರಿಂದ ಕೆಡವತೊಡಗಿದರು. ಅಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಅದರ ಮೂರು ಅಂತಸ್ತಿನಷ್ಟು ಭಾಗವನ್ನು ಅಲ್ಲಿನ ಪ್ರಸಿದ್ಧ ವಸ್ತುಸಂಗ್ರಹಾಲಯವೊಂದು ತನ್ನದಾಗಿಸಿಕೊಂಡು, ಅದರ ತುಣುಕುಗಳನ್ನು 2018ರಲ್ಲಿ ವೆನಿಸ್ಸಿನ ಪ್ರದರ್ಶನಕ್ಕೆ ಇಟ್ಟಿತು. ಮನೆಯ ಮುಖಕ್ಕೆ ಸಂಗ್ರಹಾಲಯದಲ್ಲಿ ಆಶ್ರಯ ಸಿಕ್ಕಿತು. ಮನೆಯವರು ಬೇರೆ ಮನೆ ಹುಡುಕಿಕೊಂಡರು.

ಕೆಡವಿ ಎನ್ನುವವರೂ ಕಾಪಾಡಿ ಎನ್ನುವವರೂ ಕಟ್ಟಡದ ಮುಖವನ್ನೇ ನೋಡುತ್ತಿದ್ದಾರೆ ಎಂದು ನಮಗನ್ನಿಸುತ್ತದೆ. ಹಾಗಾದರೆ ನೋಡಿ ಮೆಚ್ಚುವುದೇ ತಪ್ಪೇ ಎಂದು ಯಾರಾದರೂ ಕೇಳಬಹುದು. ಮಳಖೇಡದ ಕೋಟೆಯನ್ನು ಕಂಡು ನಾವು ರಾಷ್ಟ್ರಕೂಟರ ವೈಭವವನ್ನು ನೆನೆಯುತ್ತೇವಲ್ಲ, ಅದರ ಕಲ್ಲು ಹೊತ್ತವರ ಹಸಿವನ್ನು ಕೇಳುತ್ತೇವೆಯೇ? ಆಕ್ಷೇಪ ನ್ಯಾಯವಾದದ್ದೇ. ಕಾಲ ಎಲ್ಲ ಕಟ್ಟಡಗಳ ಮೇಲಿನ ಬೆವರನ್ನು ಒರೆಸುತ್ತದೆ. ಆದರೆ ಎಲ್ಲರೂ ಒರೆಸಲು ಬಿಟ್ಟಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಬೌದ್ಧ ಸ್ತೂಪ ಹೊರಬಂತು. ಅದರ ಫಲಕಗಳೂ ಈ ಸೀಮೆಯ ಸುಣ್ಣಕಲ್ಲೇ. ಅವುಗಳಲ್ಲೊಂದರ ಮೇಲೆ ಅಶೋಕನ ಚಿತ್ರವೂ ಹೆಸರೂ ಇರುವುದು ಜಗತ್ತಿಗೆಲ್ಲ ಗೊತ್ತಾಗಿದೆ. ಅದೇ ಸ್ತೂಪದ ಕಲ್ಲುಗಳ ಮೇಲೆ ದಾನ ಕೊಟ್ಟ ಸಾಮಾನ್ಯರ ಹೆಸರುಗಳೂ ಇವೆ ಎಂಬುದು ನಮಗೆ ಅಷ್ಟೇ ದೊಡ್ಡ ಸುದ್ದಿ. ಎರಡು ಸಾವಿರ ವರ್ಷಗಳ ಹಿಂದೆ ಕಟ್ಟಿಸಿದವರಿಗೆ ಚಕ್ರವರ್ತಿಯ ಜೊತೆ ಇತರರ ಹೆಸರನ್ನೂ ಬರೆಯಬೇಕೆನಿಸಿತ್ತು. ನಮ್ಮ ಕಾಲದ ಕಾಂಕ್ರೀಟಿನ ಮೇಲೆ ಉದ್ಘಾಟಿಸಿದ ಮಂತ್ರಿಯ ಹೆಸರು ಮಾತ್ರ ಇರುತ್ತದೆ.

ಚಿಂಚೋಳಿಯ ತಾಂಡಾಗಳಿಂದ, ಸೇಡಂನ ಹಳ್ಳಿಗಳಿಂದ ಸಂಸಾರಗಳು ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುತ್ತವೆ. ಹೆಚ್ಚಿನವರಿಗೆ ಸಿಗುವುದು ಕಟ್ಟಡದ ಕೆಲಸ. ತಮ್ಮ ಸೀಮೆಯ ಕಲ್ಲೇ ಚೀಲದಲ್ಲಿ ಪುಡಿಯಾಗಿ ಅಲ್ಲಿಗೆ ಮೊದಲೇ ಬಂದಿರುತ್ತದೆ. ಅದನ್ನು ಕಲಸಿ ಹತ್ತನೇ, ಇಪ್ಪತ್ತನೇ ಅಂತಸ್ತಿಗೆ ಏರಿಸಿ, ರಾತ್ರಿ ತಗಡಿನ ಜೋಪಡಿಯಲ್ಲಿ ಮಲಗುತ್ತಾರೆ. ಊರಿನಲ್ಲಿ ಉಳಿದವರಿಗೆ ಧೂಳು ಕೂತ ತೊಗರಿ ಗಿಡ, ಮಳೆನೀರು ತುಂಬಿ ನಿಂತ ಹಳೆಯ ಗಣಿಗುಂಡಿ. ಪಕ್ಕಾ ಮನೆಯನ್ನು ದೇಶಕ್ಕೆಲ್ಲ ಕಳಿಸಿಕೊಟ್ಟ ನೆಲದಲ್ಲಿ ಕಚ್ಚಾ ಬದುಕು ಉಳಿದುಕೊಂಡಿದೆ. ಕಾಂಕ್ರೀಟಿನ ಸೌಂದರ್ಯದ ಚರ್ಚೆ ಇವರನ್ನು ಬಿಟ್ಟು ನಡೆದರೆ ಅದು ಅರ್ಧ ಚರ್ಚೆಯೇ.

ಹಾಗಾದರೆ ಕಟ್ಟಡವನ್ನು ಅಳೆಯುವುದು ಹೇಗೆ? ನಮ್ಮ ಭಾಷೆಯಲ್ಲಿಯೇ ಒಂದು ಅಳತೆಗೋಲು ಇದೆ. ಇಂದಿನ ಲೋಕೋಪಯೋಗಿ ಇಲಾಖೆಯನ್ನು ಹಿಂದಿನವರು ಮರಾಮತ್ತು ಇಲಾಖೆ ಎನ್ನುತ್ತಿದ್ದರು. ಉರ್ದುವಿನಲ್ಲಿ ‘ಮರಮ್ಮತ್’ ಎಂದರೆ ದುರಸ್ತಿ. ರಸ್ತೆ, ಸೇತುವೆ, ಕಚೇರಿ ಕಟ್ಟುವ ಇಲಾಖೆಗೆ ಹಿರಿಯರು ದುರಸ್ತಿಯ ಹೆಸರಿಟ್ಟಿದ್ದರು. ಕಟ್ಟುವುದು ಒಂದು ದಿನದ ಸಂಭ್ರಮ, ಕಾಪಾಡುವುದು ದಿನನಿತ್ಯದ ಧರ್ಮ ಎಂಬ ತಿಳಿವಳಿಕೆ ಆ ಹೆಸರಿನಲ್ಲಿತ್ತು. ಕಾಂಕ್ರೀಟಿಗಂತೂ ಈ ಧರ್ಮ ಇನ್ನೂ ಹೆಚ್ಚು ಬೇಕು. ಫರ್ಶಿ ಕಲ್ಲು ಮಳೆಯಲ್ಲಿ ನೆನೆದರೂ ಕಲ್ಲೇ. ಕಾಂಕ್ರೀಟಿನೊಳಗೆ ಕಬ್ಬಿಣವಿದೆ. ಬಿರುಕಿನಿಂದ ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಪದರ ಉದುರುತ್ತದೆ. ನೋಡಿಕೊಳ್ಳುವವರಿಲ್ಲದ ಕಾಂಕ್ರೀಟು ಬಹುಬೇಗ ಕುರೂಪವಾಗುತ್ತದೆ. ನಾವು ಕುರೂಪ ಎಂದು ಕರೆಯುವುದು ಎಷ್ಟೋ ಸಲ ಯಾರೋ ಕೈಬಿಟ್ಟದ್ದರ ಗುರುತು.

ಕೈಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಫ್ರಾನ್ಸಿನ ಬೋರ್ಡೋ ನಗರದ ಗ್ರ್ಯಾಂಡ್ ಪಾರ್ಕ್ ಎಂಬಲ್ಲಿ 1960ರ ದಶಕದ, ಒಟ್ಟು 530 ಮನೆಗಳ ಮೂರು ವಸತಿ ಕಟ್ಟಡಗಳಿದ್ದವು. ಆನ್ ಲಕಾಟೋನ್, ಜಾನ್ ಫಿಲಿಪ್ ವಸಾಲ್ ಮತ್ತು ಅವರ ಜೊತೆಗಾರರು ಅವನ್ನು ಕೆಡವದೆ, ವಾಸವಿದ್ದವರನ್ನು ಎಬ್ಬಿಸದೆ, ಪ್ರತಿ ಮನೆಗೂ ಹೊರಗಿನಿಂದ ಅಗಲವಾದ ಗಾಜಿನ ಪಡಸಾಲೆ ಜೋಡಿಸಿದರು. ಬೆಳಕು ಬಂತು, ಗಾಳಿ ಬಂತು, ಮನೆ ದೊಡ್ಡದಾಯಿತು. 2019ರಲ್ಲಿ ಆ ಕೆಲಸಕ್ಕೆ ಯುರೋಪಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿ ಸಿಕ್ಕಿತು. 2021ರಲ್ಲಿ ಅವರಿಬ್ಬರಿಗೂ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಜಗತ್ತು ಒಂದು ದುರಸ್ತಿಯನ್ನು ಕಲೆಯೆಂದು ಒಪ್ಪಿಕೊಂಡಿತು. ಲೋಕದ ಇಂಗಾಲದ ಹೊಗೆಯಲ್ಲಿ ಶೇಕಡ 7-8ರಷ್ಟು ಸಿಮೆಂಟಿನದೇ ಆಗಿರುವಾಗ, ಇದ್ದುದನ್ನು ಉಳಿಸಿಕೊಳ್ಳುವುದು ಇನ್ನೂ ಹುಟ್ಟದವರ ಮೇಲಿನ ದಯೆಯೂ ಹೌದು.

ಬೂದು ಗೋಡೆಯನ್ನು ಮೆಚ್ಚಲಿ, ಬೆಲ್‌ಗ್ರೇಡಿಗೂ ಹೋಗಿಬರಲಿ, ತಕರಾರಿಲ್ಲ. ಆದರೆ ಮೆಚ್ಚುಗೆಗೆ ಒಂದು ಬೆಲೆಯಿದೆ. ಈ ಕಟ್ಟಡ ಯಾರಿಗೆ ಮಾತು ಕೊಟ್ಟಿತ್ತು, ಆ ಮಾತು ಏನಾಯಿತು, ಇದರ ಸೋರುವ ಸೂರನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳುವುದೇ ಆ ಬೆಲೆ. ಅದನ್ನು ಕೇಳುವವನು ಹೊರಗಿನಿಂದ ಬಂದಿದ್ದರೂ ಪ್ರವಾಸಿಯಾಗಿ ಉಳಿಯುವುದಿಲ್ಲ. ಕೇಳದವನು ವಾಡಿಯಲ್ಲೇ ಹುಟ್ಟಿ ಬೆಳೆದಿದ್ದರೂ ತನ್ನ ಊರಿಗೆ ಪ್ರವಾಸಿಯೇ.