ಮನೆ ಕಟ್ಟುವ ಧರ್ಮ ಮತ್ತು ರಿಯಾಯಿತಿಯ ಲೆಕ್ಕ



ಅನ್ನ, ಅರಿವೆ, ಆಸರೆ ಈ ಮೂರೂ ಮನುಷ್ಯನಿಗೆ ಬೇಕೇ ಬೇಕು. ಅನ್ನ ಒಂದು ಹೊತ್ತಿಗೆ, ಅರಿವೆ ಒಂದೆರಡು ವರ್ಷಕ್ಕೆ ಮುಗಿಯುತ್ತವೆ. ಮನೆ ಮಾತ್ರ ಕಟ್ಟಿಸಿದವನ ನಂತರವೂ ನಿಲ್ಲುತ್ತದೆ. ಆದ್ದರಿಂದ ಮನೆಯನ್ನು ಹೇಗೆ ಕಟ್ಟಬೇಕು ಎಂಬುದು ಕೇವಲ ಗವಂಡಿ ಮತ್ತು ಇಂಜಿನಿಯರರ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು.

ಗಡಿ ಭಾಗದ ನಮ್ಮ ಅನೇಕ ಭಕ್ತರು ಗೋವೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ. ಕೆಲವರು ಅಲ್ಲಿಯೇ ಜಾಗ ಕೊಂಡು ಮನೆ, ಅಂಗಡಿ ಕಟ್ಟಿಸುತ್ತಿದ್ದಾರೆ. ಅವರು ನಮ್ಮನ್ನು ಕೇಳುವುದುಂಟು: "ಪರಿಸರಕ್ಕೆ ಹಿತವಾದ ಕಟ್ಟಡ ಕಟ್ಟಿಸಿದರೆ ಸರಕಾರದಿಂದ ಏನು ಸಿಗುತ್ತದೆ?" ಕೇಳುವುದು ತಪ್ಪಲ್ಲ. ಆದರೆ ಈ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಪ್ರಶ್ನೆ ನಿಂತಿದೆ. ಏನಾದರೂ ಸಿಗುತ್ತದೆಂಬ ಆಸೆಯಿಂದ ಮಾಡಿದ ಒಳ್ಳೆಯ ಕೆಲಸ, ಒಳ್ಳೆಯ ಕೆಲಸವೇ?

ಮೊದಲು ಸಿಗುವುದರ ವಿಚಾರ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ, ಮನೆಯ ಛಾವಣಿಯ ಮೇಲೆ ಸೌರ ಫಲಕ ಹಾಕಿಸಿದವರಿಗೆ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಹಾಗೂ ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ ಗೊತ್ತುಪಡಿಸಲಾಯಿತು. ದೊಡ್ಡ ಕಟ್ಟಡಗಳಿಗೆ 2007ರಲ್ಲಿ 'ಗೃಹ' ಎಂಬ ಪ್ರಮಾಣಪತ್ರ ಬಂದಿತು. ನೀರು, ವಿದ್ಯುತ್ತು, ಸಾಮಗ್ರಿ ಮೊದಲಾದವುಗಳಿಗೆ ಅಂಕ ಹಾಕಿ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ಅದು. ಇಂಥ ಕಟ್ಟಡಗಳಿಗೆ ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಗೊತ್ತುಮಾಡಿತು.

ಇನ್ನು ಗೋವೆಯ ಹಳೆಯ ಮನೆಗಳನ್ನು ನೋಡಿರಿ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ನಾಡು ಅದು. ಅದಕ್ಕೆ ತಕ್ಕಂತೆ ಇಳಿಜಾರು ಛಾವಣಿ, ಗೋಡೆಗೆ ನೀರು ಸಿಡಿಯದಂತೆ ಮುಂದಕ್ಕೆ ಚಾಚಿದ ಸೂರು, ಎದುರಿಗೆ ಕುಳಿತುಕೊಳ್ಳಲು ಬಲ್ಕಾಂವ್ ಎಂಬ ಕಟ್ಟೆ. ಗೋಡೆಗೆ ಅಲ್ಲಿಯದೇ ಜಂಬಿಟ್ಟಿಗೆ ಕೆಂಪುಕಲ್ಲು. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು ಅದು. ಕಿಟಕಿಗೆ ಗಾಜಿನ ಬದಲು ಸಿಂಪಿನ ಚಿಪ್ಪು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಛಾವಣಿಗಳಿಗೆ ಮಂಗಳೂರು ಹಂಚೂ ಬಂದಿತು. ನಮ್ಮ ವಿಜಾಪುರ, ಬಾಗಲಕೋಟೆ ಕಡೆಯ ಮಾಳಿಗೆ ಮನೆಗಳೂ ಹಾಗೆಯೇ. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂದು ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಣ್ಣು. ಇವುಗಳಿಗೆ ಯಾರೂ ನಕ್ಷತ್ರ ಕೊಡಲಿಲ್ಲ, ತೆರಿಗೆ ಬಿಡಲಿಲ್ಲ.

ಹಾಗೆಂದು ಹಿಂದಿನವರೆಲ್ಲ ಧರ್ಮಾತ್ಮರಾಗಿದ್ದರು ಎನ್ನಲಾಗದು. ಸಿಮೆಂಟು, ವಿದ್ಯುತ್ತು ಇಲ್ಲದ ಕಾಲದಲ್ಲಿ ಅವರಿಗೆ ಬೇರೆ ದಾರಿಯಿರಲಿಲ್ಲ. ಗೋವೆಯ ಭಾಟ್ಕಾರರ ದೊಡ್ಡ ಮನೆಗಳು ತಂಪಾಗಿದ್ದವು ನಿಜ. ಆದರೆ ಅವರದೇ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಮುಂಡಕಾರರನ್ನು ಮನಬಂದಂತೆ ಎಬ್ಬಿಸಬಾರದೆಂಬ ಕಾಯಿದೆ ಬಂದದ್ದು 1975ರಲ್ಲಿ. ತಂಪಾದ ಮನೆಯೆಲ್ಲ ನ್ಯಾಯದ ಮನೆಯಲ್ಲ ಎಂಬುದನ್ನು ನೆನಪಿಡಬೇಕು.

ಇಂದು ನಮಗೆ ದಾರಿಗಳು ಹಲವು. ಬೇಕಾದಷ್ಟು ಕಾಂಕ್ರೀಟು, ಗಾಜು, ಒಳಗೆ ತಂಪು ಯಂತ್ರ. ಕಲಬುರ್ಗಿ ಜಿಲ್ಲೆಯ ವಾಡಿ, ಸೇಡಂಗಳಲ್ಲಿ ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವುದನ್ನು ನಮ್ಮವರು ಬಲ್ಲರು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7-8ರಷ್ಟು ಸಿಮೆಂಟಿನದೇ. ನೀರಿನ ಲೆಕ್ಕವನ್ನೂ ಮಾಡಿರಿ. 100 ಚದರ ಮೀಟರ್ ಛಾವಣಿಯ ಮೇಲೆ ಗೋವೆಯಲ್ಲಿ ವರ್ಷಕ್ಕೆ ಬೀಳುವ ಮಳೆನೀರು ಸುಮಾರು 3 ಲಕ್ಷ ಲೀಟರ್. ವಿಜಾಪುರದಲ್ಲಿ ಅದರ ಐದನೆಯ ಒಂದು ಪಾಲು. ಅಷ್ಟಾಗಿಯೂ ಬೇಸಿಗೆಯಲ್ಲಿ ಗೋವೆಯ ಊರುಗಳಿಗೆ ಟ್ಯಾಂಕರು ಓಡಾಡುತ್ತವೆ. ನಾವು ಹರಿಯಬಿಟ್ಟ ನೀರಿನ ಬೆಲೆಯನ್ನು ಪಕ್ಕದವನ ಬಾವಿ ತೆರುತ್ತದೆ.

"ಸಹಾಯಧನವಿಲ್ಲದೆ ಯಾರು ಮಾಡುತ್ತಾರೆ?" ಎಂದು ಕೆಲವರು ಹೇಳುವರು. ಈ ಮಾತಿನಲ್ಲಿ ಹುರುಳಿದೆ. ಸಹಾಯಧನ ಪಡೆದು ಹನಿ ನೀರಾವರಿ ಮಾಡಿದ ರೈತ ಉಳಿಸಿದ ನೀರೇನು ಸುಳ್ಳಲ್ಲ. ಹೊಲದ ಬೆಳೆ ಮಾಲೀಕನ ಮನಸ್ಸನ್ನು ಪರೀಕ್ಷಿಸಿ ನೀರು ಕುಡಿಯುವುದಿಲ್ಲ. ಇನ್ನು ಕೆಲವರು, "ಪ್ರತಿಫಲ ಬಯಸಿದರೆ ಅದು ಕಾಯಕವೇ ಅಲ್ಲ" ಎನ್ನುವರು. ಇದರಲ್ಲಿಯೂ ಸತ್ಯವಿದೆ. ಪರವಾನಗಿಗಾಗಿ ತೋಡಿದ ಇಂಗುಗುಂಡಿಯಲ್ಲಿ ಮರುವರ್ಷ ಕಸ ತುಂಬಿದರೆ, ಆ ಗುಂಡಿ ಕಾಗದಕ್ಕಾಗಿ ತೋಡಿದ್ದೇ ಹೊರತು ನೀರಿಗಾಗಿ ಅಲ್ಲ.

ಲೆಕ್ಕ ಬರೆಯುವ ಕಾಯಕದವರಾದ ನಮಗೆ ತೋಚುವುದು ಇಷ್ಟು. ರಿಯಾಯಿತಿ ಪಡೆಯಬೇಕೋ ಬಿಡಬೇಕೋ ಎಂಬುದಕ್ಕಿಂತ, ಪಡೆದದ್ದನ್ನು ಯಾವ ಖಾತೆಗೆ ಬರೆಯುತ್ತೇವೆ ಎಂಬುದು ಮುಖ್ಯ. ಆ ಹಣ ಎಲ್ಲಿಂದ ಬರುತ್ತದೆ? ಬೆಂಕಿಪೊಟ್ಟಣ, ಸಾಬೂನು ಕೊಳ್ಳುವ ಕೂಲಿಯವನೂ ತೆರಿಗೆ ಕೊಟ್ಟಿದ್ದಾನೆ. ಸ್ವಂತ ಛಾವಣಿ ಇಲ್ಲದವನ ಕಾಸು ಛಾವಣಿ ಇದ್ದವನ ಸೌರ ಫಲಕಕ್ಕೆ ಸೇರಿದೆ. ಅಂದ ಮೇಲೆ ಅದು ನಮ್ಮ ಲಾಭವಲ್ಲ. ಸಮಾಜಕ್ಕೆ ನಾವು ಕೊಡತಕ್ಕ ಬಾಕಿ. ಹಾಗೆ ಬರೆದುಕೊಂಡವನು ಫಲಕವನ್ನು ಒರೆಸಿ ಇಡುತ್ತಾನೆ, ಗುಂಡಿಯ ಹೂಳು ತೆಗೆಸುತ್ತಾನೆ.

ಆ ಬಾಕಿಯಲ್ಲಿ ಮೊದಲ ಹಕ್ಕು ಮನೆ ಕಟ್ಟಿದ ಕೈಗಳದು. ಗೋವೆಯಲ್ಲಿ ಕಲ್ಲು, ಇಟ್ಟಿಗೆ ಹೊರುವವರಲ್ಲಿ ಬಹಳ ಜನ ಮಳೆ ಕೈಕೊಟ್ಟು ಉತ್ತರ ಕರ್ನಾಟಕದಿಂದ ಹೋದವರು, ನಮ್ಮದೇ ಹಳ್ಳಿಗಳವರು. 2014ರ ಜನವರಿ 4ರಂದು ಕಾಣಕೋಣದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 31 ಜನ ಸತ್ತರು. ಕೆಲಸದ ಸ್ಥಳದಲ್ಲಿ ಉಚಿತ ವಸತಿ, ಅಡುಗೆಯ ಜಾಗ, ಸ್ನಾನ-ಶೌಚದ ವ್ಯವಸ್ಥೆ ಮಾಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ವಿಧಿಸಿತ್ತು. 'ಗೃಹ' ಪದ್ಧತಿಯಲ್ಲಿಯೂ ಕಾರ್ಮಿಕರ ಶೌಚ, ಸುರಕ್ಷತೆಗೆ ಅಂಕ ಇಡಲಾಯಿತು. ಆದರೆ ನಮ್ಮ ನಿಮ್ಮ ಸಣ್ಣ ಮನೆಗೆ ಅಂಕ ಹಾಕಲು ಯಾರೂ ಬರುವುದಿಲ್ಲ. ಅಲ್ಲಿ ಗುತ್ತೇದಾರನನ್ನು ಕೇಳಬೇಕಾದವರು ನಾವೇ. ಮೇ ತಿಂಗಳ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಕೂಸನ್ನು ಮಲಗಿಸಿ, ತಾಯಿಯೊಬ್ಬಳು ನಮಗಾಗಿ ತಂಪಾದ ಗೋಡೆ ಎಬ್ಬಿಸಿದರೆ, ಆ ಗೋಡೆಯನ್ನು ಪರಿಸರಸ್ನೇಹಿ ಎಂದು ಯಾವ ಬಾಯಿಂದ ಕರೆಯೋಣ?

ಆದಕಾರಣ ಭಕ್ತರಲ್ಲಿ ನಮ್ಮ ವಿನಂತಿ. ಸಹಾಯಧನ ಸಂಕೋಚವಿಲ್ಲದೆ ಪಡೆಯಿರಿ. ಅಗತ್ಯಕ್ಕಿಂತ ದೊಡ್ಡದಾಗಿ ಕಟ್ಟಿಸಬೇಡಿರಿ. ಗಾಳಿ ಆಡುವಂತೆ ಕಿಟಕಿ ಇಡಿಸಿರಿ, ಛಾವಣಿಯ ನೀರನ್ನು ಬಾವಿಗೆ ತಿರುಗಿಸಿರಿ. ಪಾಯ ತೋಡುವ ಮೊದಲು ಕೆಲಸದವರಿಗೆ ಸಂಡಾಸು, ಕುಡಿಯುವ ನೀರು, ನೆರಳು ಮಾಡಿಸಿರಿ. ಅಂದಾಜು ಪತ್ರಿಕೆಯಲ್ಲಿ ಸಿಮೆಂಟು, ಕಬ್ಬಿಣದ ಮೇಲಿನ ಸಾಲಿನಲ್ಲಿಯೇ ಈ ಖರ್ಚು ಬರಲಿ. ವಾಸ್ತುಶಾಂತಿಯ ದಿನ ಪ್ರಸಾದದ ಮೊದಲ ಪಂಕ್ತಿಯಲ್ಲಿ ಗವಂಡಿಯೂ ಕೂಲಿಯವರೂ ಕೂಡಲಿ.