ನೆರೆಮನೆಯಲ್ಲಿಯೂ ಶ್ರೀಹರಿ

ಭಗವದ್ಭಕ್ತರೇ, ಗಂಗೆಯನ್ನು ದಾಟಿದ ಶ್ರೀಮದಾಚಾರ್ಯರು, ತಡೆಯಲು ಬಂದ ತುರುಷ್ಕ ಭಟರಿಗೆ ಅಂಜದೆ, ಅವರ ದೊರೆಯೊಡನೆ ಅವನ ಭಾಷೆಯಲ್ಲಿಯೇ ಸಂಭಾಷಿಸಿದರೆಂದು ಸುಮಧ್ವವಿಜಯದ ಹತ್ತನೆಯ ಸರ್ಗವು ವರ್ಣಿಸುತ್ತದೆ. ಪರಸ್ಥಳದಲ್ಲಿ ಬಾಳುವ ನಮಗೆ ಇದು ಪಾಠವಲ್ಲವೆ?

ಈ ಪಾಠದ ಫಲವನ್ನು ನಮ್ಮ ಕಾಲದಲ್ಲಿಯೂ ಕಾಣಬಹುದು. ಮುಂಬಯಿಯ ಸಮೀಪದ ಭಿವಂಡಿಯು 1970 ಹಾಗೂ 1984ರ ಗಲಭೆಗಳಲ್ಲಿ ಬೆಂದ ಊರು. ಅಲ್ಲಿ 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂಗಳೂ ಮುಸಲ್ಮಾನರೂ ಜೊತೆಗೆ ಕುಳಿತು ಸಣ್ಣ ಜಗಳಗಳನ್ನು ಮೊಳಕೆಯಲ್ಲಿಯೇ ತೀರಿಸಿಕೊಂಡರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಆಪತ್ತಿಗೆ ಮುಂಚೆಯೇ ಅಲ್ಲಿ ಪರಿಚಯವು ಬೆಳೆದಿತ್ತು.

ಭೇದವು ಸತ್ಯವೆಂಬುದು ನಮ್ಮ ಸಿದ್ಧಾಂತ. ಭಿನ್ನರಾದ ಸಕಲ ಜೀವರಲ್ಲಿಯೂ ಬಿಂಬನಾಗಿ ನಿಂತವನು ಒಬ್ಬನೇ ಶ್ರೀಹರಿಯೆಂಬುದೂ ನಮ್ಮ ಸಿದ್ಧಾಂತವೇ. ಆದುದರಿಂದ ಪರಸ್ಪರ ವಿಶ್ವಾಸಕ್ಕೆ ಎಲ್ಲರೂ ಒಂದೇ ತೆರನಾಗಬೇಕಿಲ್ಲ. ಆದರೂ ನಾವು ಲೋಕಲ್ ರೈಲಿನಲ್ಲಿ ನೂಕುನುಗ್ಗಲನ್ನು ಸಹಿಸಿ ಮಠಕ್ಕೆ ಬರುತ್ತೇವೆ. ಎದುರುಮನೆಯವರ ಹೆಸರನ್ನು ಮಾತ್ರ ಅರಿಯೆವು! ಆಚಾರವನ್ನು ಬಿಡಬೇಕಿಲ್ಲ, ಬಾಗಿಲನ್ನು ತೆರೆದರೆ ಸಾಕು. ಬರುವ ಏಕಾದಶಿಯೊಳಗೆ ಒಬ್ಬ ನೆರೆಯವರನ್ನಾದರೂ ಅವರ ಭಾಷೆಯಲ್ಲಿಯೇ ಕುಶಲ ವಿಚಾರಿಸೋಣ. ಅದೂ ಭಗವಂತನ ಸೇವೆಯೇ.

ಶ್ರೀಕೃಷ್ಣಾರ್ಪಣಮಸ್ತು.