ಕೀಲಿಕೈಯೂ ಸ್ವತ್ವವೂ

ಒಂದು ವಸ್ತುವಿಗೂ ಅದರ ಒಡೆಯನಿಗೂ ನಡುವೆ ಇರುವ ಸಂಬಂಧವು ಕಣ್ಣಿಗೆ ಕಾಣುವಂಥದಲ್ಲ. ಹೊಲಕ್ಕೆ ಬಣ್ಣವುಂಟು, ಹಸುವಿಗೆ ಕೊಂಬುಂಟು, ಕಾರಿಗೆ ತೂಕವುಂಟು. ಆದರೆ ಇದು ಇಂಥವರ ಸ್ವತ್ತು ಎಂಬ ಧರ್ಮವನ್ನು ಹೊಲದಲ್ಲಾಗಲಿ ಹಸುವಿನಲ್ಲಾಗಲಿ ಕಾರಿನಲ್ಲಾಗಲಿ ಎಷ್ಟು ಶೋಧಿಸಿದರೂ ಇಂದ್ರಿಯಗಳಿಂದ ಹಿಡಿಯಲಾಗದು. ಹಾಗಿದ್ದೂ ಲೋಕವ್ಯವಹಾರವೆಲ್ಲ ಈ ಅದೃಶ್ಯ ಸಂಬಂಧವನ್ನೇ ನೆಮ್ಮಿಕೊಂಡು ನಡೆಯುತ್ತಿದೆ. ನಮ್ಮ ಪೂರ್ವಿಕರು ಇದನ್ನು ಸ್ವತ್ವವೆಂದು ಕರೆದು, ಅದರ ಸ್ವರೂಪವೇನೆಂದು ಬಹುಕಾಲ ವಾದ ಮಾಡಿದರು. ಆ ವಾದವು ಇಂದು ಕಾರಿನ ಕಳೆದುಹೋದ ಕೀಗೆ ಬದಲಾಗಿ ಮತ್ತೊಂದನ್ನು ಮಾಡಿಕೊಡುವವನ ಮೇಜಿನ ಮೇಲೆ ಪುನಃ ಜೀವ ತಳೆದಿದೆಯೆಂದು ನನ್ನ ಭಾವನೆ. ಏಕೆಂದರೆ ಆತನು ತನ್ನ ವೃತ್ತಿಗೆ ಯಾವ ಸ್ಕ್ಯಾನರನ್ನು ಕೊಳ್ಳಬೇಕೆಂದು ಆಲೋಚಿಸುವಾಗ, ತಿಳಿದೋ ತಿಳಿಯದೆಯೋ, ಈ ಪ್ರಶ್ನೆಗೊಂದು ಉತ್ತರವನ್ನೂ ಆರಿಸಿಕೊಳ್ಳುತ್ತಿರುತ್ತಾನೆ.

ಹಿಂದಿನ ಕೀಲಿಕೈ ಬರಿಯ ಆಕಾರವಾಗಿತ್ತು; ಅರದಿಂದ ಉಜ್ಜಿ ಅದೇ ಹಲ್ಲುಗಳನ್ನು ತೆಗೆದರೆ ಬೀಗವು ಯಾರ ಕೈಗಾದರೂ ತಿರುಗುತ್ತಿತ್ತು. ಕಾರುಗಳ್ಳತನ ಹೆಚ್ಚಿದ ಮೇಲೆ ತಯಾರಕರು ಕೀಯ ಪ್ಲಾಸ್ಟಿಕ್ ತಲೆಯೊಳಗೆ ಸಣ್ಣದೊಂದು ಚಿಪ್ಪನ್ನು ಹುದುಗಿಸಿದರು. 1998ರ ವೇಳೆಗೆ ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ, ಸರಿಯಾದ ಕೀಯಿಲ್ಲದೆ ಎಂಜಿನ್ ಓಡದಂತೆ ತಡೆಯುವ ಇಮ್ಮೊಬಿಲೈಸರ್ ಕಡ್ಡಾಯವೇ ಆಯಿತು. ಈ ಚಿಪ್ಪಿಗೆ ತನ್ನದೇ ಆದ ಬ್ಯಾಟರಿಯಿಲ್ಲ. ಇಗ್ನಿಷನ್ ಬೀಗವನ್ನು ಸುತ್ತಿಕೊಂಡಿರುವ ತಂತಿಯ ಸುರುಳಿಯು ಹರಡುವ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವೃತ್ತಿಯ ಕ್ಷೇತ್ರದಿಂದಲೇ ಅದು ಶಕ್ತಿಯನ್ನು ಹೀರಿಕೊಂಡು ಎಚ್ಚರಗೊಳ್ಳುತ್ತದೆ. ಆಗ ಕಾರು ಅದಕ್ಕೊಂದು ಸಂಖ್ಯೆಯನ್ನು ಒಡ್ಡುತ್ತದೆ. ಚಿಪ್ಪು ತನ್ನ ಗರ್ಭದಲ್ಲಿರುವ ರಹಸ್ಯ ಸಂಖ್ಯೆಯೊಡನೆ ಅದನ್ನು ಗಣಿಸಿ ಫಲವನ್ನು ಮಾತ್ರ ಹಿಂದಿರುಗಿಸುತ್ತದೆ. ಕಾರೂ ಒಳಗೊಳಗೇ ಅದೇ ಗಣಿತವನ್ನು ಮಾಡಿ, ಎರಡೂ ತಾಳೆಯಾದರೆ ಎಂಜಿನ್ನಿಗೆ ಅನುಮತಿ ಕೊಡುತ್ತದೆ. ರಹಸ್ಯವನ್ನು ಬಾಯಿಬಿಡದೆಯೇ ಅದನ್ನು ಬಲ್ಲೆನೆಂದು ಸಿದ್ಧಪಡಿಸುವ ಈ ಕ್ರಮವು ಬುದ್ಧಿಗೆ ಸಂತೋಷವನ್ನುಂಟುಮಾಡುವಂಥದು.

ಇದರ ಉದಾತ್ತವಾದ ಪೂರ್ವರೂಪವೊಂದು ವಾಲ್ಮೀಕಿಯ ಸುಂದರಕಾಂಡದಲ್ಲಿದೆ. ಸನ್ಯಾಸಿಯ ವೇಷಕ್ಕೆ ಒಮ್ಮೆ ಮೋಸಹೋದ ಸೀತೆಯು ಹನುಮಂತನನ್ನು ಒಡನೆಯೇ ನಂಬುವುದಿಲ್ಲ. ರಾಮಲಕ್ಷ್ಮಣರ ದೇಹಲಕ್ಷಣಗಳನ್ನು ವರ್ಣಿಸೆಂದು ಕೇಳುತ್ತಾಳೆ. ಅವನು ಅವನ್ನು ಹೇಳಿದ ಮೇಲೆಯೇ ರಾಮನಾಮಾಂಕಿತವಾದ ಉಂಗುರವು ಅವಳ ಕೈಗೆ ಬರುವುದು. ಹಿಂದಿರುಗುವ ದೂತನು ತನಗೊಂದು ಗುರುತು ಬೇಕೆಂದಾಗಲೂ ಆಕೆ ಚೂಡಾಮಣಿಯೊಂದನ್ನೇ ಕೊಟ್ಟು ಸುಮ್ಮನಾಗದೆ, ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ನೋಯಿಸಿದುದನ್ನೂ, ರಾಮನು ದರ್ಭೆಯನ್ನೇ ಅಸ್ತ್ರವಾಗಿ ಅದರ ಮೇಲೆ ಬಿಟ್ಟುದನ್ನೂ ಹೇಳಿ ಕಳುಹಿಸುತ್ತಾಳೆ. ಆಭರಣವನ್ನು ಅಪಹರಿಸಬಹುದು, ಇಬ್ಬರೇ ಬಲ್ಲ ನೆನಪನ್ನು ಅಪಹರಿಸುವುದು ಕಷ್ಟ. ಆದರೆ ಸೀತೆಯ ಪರೀಕ್ಷೆ ಲಕ್ಷಣಗಳನ್ನು ಹೇಳಿಸಿಕೊಳ್ಳುವಲ್ಲಿಗೆ ಮುಗಿಯಲಿಲ್ಲ. ಹೇಳುವವನ ಧ್ವನಿಯನ್ನೂ ವಿನಯವನ್ನೂ ದುಃಖವನ್ನೂ ಆಕೆ ತೂಗಿನೋಡಿದಳು. ಕಾರಿನ ಪರೀಕ್ಷೆ ಗಣಿತದಲ್ಲಿಯೇ ನಿಂತುಬಿಡುತ್ತದೆ. ಅದು ಕೀಯನ್ನು ಗುರುತಿಸುತ್ತದೆ. ಕೀ ಹಿಡಿದವನನ್ನು ಗುರುತಿಸಲಾರದು.

ಹೀಗಿರಲಾಗಿ, ಹೊಸ ಕೀಯೊಂದನ್ನು ಕಾರಿಗೆ ಪರಿಚಯಿಸುವ ಸ್ಕ್ಯಾನರೆಂಬ ಸಾಧನವು ಸಾಮಾನ್ಯ ಸಾಧನವಲ್ಲ. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಓಬಿಡಿ ಪೋರ್ಟ್ ಇರುತ್ತದಷ್ಟೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಗಿ, ಮುಂದೆ ಲೋಕಸಾಮಾನ್ಯವಾದ ದ್ವಾರವದು. ಅಗ್ಗದ ಬ್ಲೂಟೂತ್ ಅಡಾಪ್ಟರ್ ಅಲ್ಲಿ ಎಂಜಿನ್ನಿನ ದೋಷಗಳನ್ನು ಓದಬಲ್ಲುದೇ ಹೊರತು ಸಾಮಾನ್ಯವಾಗಿ ಇಮ್ಮೊಬಿಲೈಸರಿನ ಗೊಡವೆಗೆ ಹೋಗಲಾರದು. ಕೀ ಕೆಲಸಕ್ಕೆ ಬೇಕಾದ ಆಟೆಲ್, ಎಕ್ಸ್‌ಹಾರ್ಸ್, ಓಬಿಡಿಸ್ಟಾರ್, ಲಾನ್ಸ್‌ಡಾರ್ ಮುಂತಾದ ಕಂಪನಿಗಳ ಯಂತ್ರಗಳೇ ಬೇರೆ. ಕೊಳ್ಳುವವನು ಕೇಳುವ ಪ್ರಶ್ನೆಗಳು ನ್ಯಾಯವಾದುವೇ: ಯಾವ ಕಂಪನಿಯ ಯಾವ ವರ್ಷದ ಕಾರುಗಳಿಗೆ ಇದು ಆಗುತ್ತದೆ, ಒಂದು ಕೀಯೂ ಉಳಿದಿಲ್ಲದಾಗ ನಡೆಯುತ್ತದೆಯೆ, ಹೊಸ ಕೀಯನ್ನು ಸೇರಿಸಲು ಕಾರು ಕೇಳುವ ಪಿನ್ ಕೋಡನ್ನು ಯಂತ್ರವೇ ಓದುತ್ತದೆಯೆ ಅಥವಾ ಕಂಪನಿಯಿಂದ ತರಿಸಬೇಕೆ, ಬೋರ್ಡನ್ನು ಬಿಚ್ಚಿ ಮೆಮೊರಿ ಚಿಪ್ಪನ್ನೇ ಓದಬೇಕಾಗಿ ಬಂದರೆ ಅದಕ್ಕೆ ಪ್ರೋಗ್ರಾಮರ್ ಜೊತೆಗುಂಟೆ, ವರ್ಷವರ್ಷದ ಅಪ್‌ಡೇಟಿಗೆ ಎಷ್ಟು ತೆರಬೇಕು. ಇಷ್ಟರಲ್ಲಿಯೇ ಆಲೋಚನೆ ನಿಂತರೆ, ಯಾವುದು ಅತಿ ಹೆಚ್ಚು ಕಾರುಗಳನ್ನು ಅತಿ ಕಡಿಮೆ ಹೊತ್ತಿನಲ್ಲಿ ತೆರೆಯುವುದೋ ಅದೇ ಶ್ರೇಷ್ಠವೆಂದು ತೀರ್ಮಾನವಾಗುತ್ತದೆ.

ಆದರೆ ತಯಾರಕರು ಇಟ್ಟಿದ್ದ ಅಡೆತಡೆಗಳ ಅರ್ಥವನ್ನು ಸ್ವಲ್ಪ ವಿಚಾರಿಸಬೇಕು. ಫೋರ್ಡಿನ ಅನೇಕ ಕಾರುಗಳಲ್ಲಿ, ಮೊದಲೇ ಪರಿಚಿತವಾದ ಎರಡು ಕೀಗಳು ಕೈಯಲ್ಲಿದ್ದರೆ ಒಡೆಯನು ಯಾವ ಯಂತ್ರವೂ ಇಲ್ಲದೆ ಮೂರನೆಯದನ್ನು ಸೇರಿಸಿಕೊಳ್ಳಬಹುದು. ಒಂದೇ ಇದ್ದರೆ ಆಗದು. ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮವೇ ಅಲ್ಲವೆ ಇದು? ಜನರಲ್ ಮೋಟಾರ್ಸಿನ ಕೆಲವು ಕಾರುಗಳಲ್ಲಿ ಹತ್ತು ಹತ್ತು ನಿಮಿಷಗಳಂತೆ ಮೂರು ಸಲ ಕಾದರೆ ಕಾರು ಹೊಸ ಕೀಯನ್ನು ಒಪ್ಪುತ್ತದೆ. ಒಡೆಯನಾದವನು ತನ್ನ ಅಂಗಳದಲ್ಲಿ ಅರ್ಧ ಗಂಟೆ ನಿಶ್ಚಿಂತೆಯಿಂದ ಕೂರಬಲ್ಲನು, ಕಳ್ಳನು ಕೂರಲಾರನು ಎಂಬ ಮಾನವಸ್ವಭಾವದ ಜ್ಞಾನವು ಆ ಕಾಯುವಿಕೆಯಲ್ಲಿ ಅಡಗಿದೆ. ಸ್ವತ್ವವನ್ನು ನೇರವಾಗಿ ಕಾಣಲಾರದ ಯಂತ್ರವು ಸಾಕ್ಷಿಯಿಂದ, ತಾಳ್ಮೆಯಿಂದ, ರಹಸ್ಯದಿಂದ ಅದನ್ನು ಅನುಮಾನಿಸಲು ಯತ್ನಿಸುತ್ತಿದೆ. ಈ ಕಾಲಾವಧಿಯನ್ನು ಕತ್ತರಿಸುತ್ತೇನೆ, ಈ ಪಿನ್ನನ್ನು ತಪ್ಪಿಸುತ್ತೇನೆ ಎಂಬುದನ್ನೇ ತನ್ನ ಹಿರಿಮೆಯಾಗಿ ಸಾರಿಕೊಳ್ಳುವ ಸ್ಕ್ಯಾನರು, ಆ ಅನುಮಾನದ ಹೇತುಗಳನ್ನೆಲ್ಲ ಕಳಚಿ, ನಿರ್ಣಯದ ಭಾರವನ್ನು ಪೂರ್ತಿಯಾಗಿ ತನ್ನನ್ನು ಹಿಡಿದವನ ಮೇಲೆ ಹೊರಿಸುತ್ತದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ನೆಲದಲ್ಲಿಯೇ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ಭಾರವನ್ನು ಬಲ್ಲವನಾಗಿದ್ದನು. ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೆ, ಲೋಕವ್ಯವಹಾರದಿಂದಲೇ ಸಿದ್ಧವೆ ಎಂದು ಪ್ರಶ್ನೆಯೆತ್ತಿ, ಶಾಸ್ತ್ರವನ್ನರಿಯದ ಗಡಿನಾಡಿನ ಜನರೂ ಕೊಂಡು ಮಾರಿ ಬಾಳುವುದು ಕಾಣುವುದರಿಂದ ಅದು ಲೌಕಿಕವೇ ಎಂದು ಆತನು ನಿರ್ಣಯಿಸಿದನು. ಪೂರ್ವಪಕ್ಷವು ಸಾಮಾನ್ಯವಾದುದಲ್ಲ: ಸ್ವತ್ವವು ಲೌಕಿಕವಾದರೆ, ಕದ್ದ ವಸ್ತು ಯಾರ ಕೈಯಲ್ಲಿದೆಯೋ ಅವನದೇ ಆಗಿಬಿಡುವುದರಿಂದ, ನನ್ನದನ್ನು ಇವನು ಅಪಹರಿಸಿದನೆಂದು ಯಾರೂ ಹೇಳುವಂತಿಲ್ಲ ಎಂಬುದು ಆ ಆಕ್ಷೇಪ. ಅದಕ್ಕೆ ಆತನ ಸಮಾಧಾನದ ಸಾರವೇನೆಂದರೆ, ಸ್ವತ್ವವು ಕ್ರಯ, ದಾಯ ಮೊದಲಾದ ಹೇತುಗಳಿಂದ ಹುಟ್ಟತಕ್ಕದ್ದು; ಸಂದೇಹ ಬಂದಲ್ಲಿ ವಿಚಾರಿಸಬೇಕಾದುದು ಆ ಹೇತುವನ್ನು. ಭೋಗಕ್ಕಿಂತ ಆಗಮವು ಬಲವತ್ತರವೆಂಬ ಸ್ಮೃತಿಯ ಮಾತೂ, ಪೂರ್ವಿಕರಿಂದ ಬಂದ ಭೋಗಕ್ಕೆ ಕೊಟ್ಟ ರಿಯಾಯಿತಿಯೂ ಇದರೊಡನೆ ಸೇರಿಕೊಂಡಿವೆ. ಕೀ ಹಿಡಿದಿರುವುದು ಭೋಗ. ಅದು ಹೇಗೆ ಬಂತೆಂಬುದು ಆಗಮ. ಕಾರಿಗೆ ಮೊದಲನೆಯದು ಮಾತ್ರ ತಿಳಿದೀತು.

ಆಗಮವನ್ನು ವಿಚಾರಿಸುವುದೆಂದರೇನೆಂಬುದನ್ನು ನಾನು ಬೆಂಗಳೂರಿನ ನನ್ನ ನೆರೆಮನೆಯ ಅಂಗಳದಲ್ಲಿ ಕಂಡೆನು. ಮನೆಯಾಕೆಯ ಕಾರಿನ ಕೀ ಕಳೆದುಹೋಗಿತ್ತು. ಕೀ ಮಾಡುವಾತನು ಬಾಗಿಲಿನ ಬೀಗವನ್ನು ನೋಡಿ ಹಲ್ಲು ಕತ್ತರಿಸಿದ ಕೀಯಿಂದ ಇಗ್ನಿಷನ್ ತಿರುಗಿಸಿದಾಗ, ಡ್ಯಾಶ್‌ಬೋರ್ಡಿನಲ್ಲಿ ಕೀಯ ಚಿತ್ರದ ಕೆಂಪು ದೀಪವು ಮಿಟುಕತೊಡಗಿತು. ಕಾರು ಆ ಅಪರಿಚಿತನನ್ನು ಒಪ್ಪಿರಲಿಲ್ಲ. ಸ್ಕ್ಯಾನರನ್ನು ಪೋರ್ಟಿಗೆ ಸಿಕ್ಕಿಸಿ, ಆತನು ಮೊತ್ತಮೊದಲು ಮಾಡಿದ ಕೆಲಸವೆಂದರೆ ಪರದೆಯ ಮೇಲೆ ಮೂಡಿದ ಹದಿನೇಳು ಅಕ್ಷರಗಳ ಚಾಸಿ ನಂಬರನ್ನು ಆರ್‌ಸಿ ಕಾರ್ಡಿನ ಪಕ್ಕಕ್ಕಿಟ್ಟು ಬೆರಳಿನಿಂದ ಒಂದೊಂದಾಗಿ ತಾಳೆನೋಡಿದುದು.

“ಅಮ್ಮಾ, ನಂಬರು ಸರಿಯಾಗಿದೆ. ಹೆಸರು ಬೇರೆ ಇದೆಯಲ್ಲ?”

“ಅದು ನಮ್ಮ ಯಜಮಾನರದ್ದಪ್ಪ. ಅವರು ಹೋಗಿ ಎರಡು ತಿಂಗಳಾಯಿತು. ಆರ್‌ಟಿಓಗೆ ತಿಳಿಸಿದ್ದೇವೆ.”

ಒಡೆಯನು ತೀರಿಕೊಂಡಾಗ ಉತ್ತರಾಧಿಕಾರಿಯು ಮೂವತ್ತು ದಿನಗಳೊಳಗೆ ತಿಳಿಸಿ, ಮೂರು ತಿಂಗಳವರೆಗೆ ವಾಹನವನ್ನು ಬಳಸಬಹುದೆಂದು ಮೋಟಾರು ವಾಹನ ನಿಯಮಗಳಲ್ಲಿ ಇರುವುದು ಆತನಿಗೆ ತಿಳಿದಿತ್ತು. ಮರಣಪತ್ರವನ್ನೂ ಆಕೆಯ ಗುರುತಿನ ಚೀಟಿಯನ್ನೂ ನೋಡಿ, ಹೆಸರುಗಳನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ ಬಳಿಕ ಇನ್ನೊಂದು ಪ್ರಶ್ನೆ ಕೇಳಿದನು: “ಕಳೆದುಹೋದ ಕೀ ಯಾರಿಗಾದರೂ ಸಿಕ್ಕಿದರೆ ಕೆಲಸ ಮಾಡದ ಹಾಗೆ ಅಳಿಸಬಹುದಮ್ಮ, ಆದರೆ ಈ ಗಾಡಿಯಲ್ಲಿ ಅಳಿಸಿದರೆ ಪುಣೆಯಲ್ಲಿರುವ ನಿಮ್ಮ ಮಗನ ಕೀಯೂ ಹೋಗುತ್ತದೆ. ಏನು ಮಾಡಲಿ?” ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಅಳಿಸಿಬಿಡಪ್ಪ, ಅವನು ಬಂದಾಗ ಮತ್ತೆ ಸೇರಿಸಿಕೊಡು” ಎಂದರು. ಅಳಿಸುವ ಆಜ್ಞೆಯನ್ನು ಯಂತ್ರವು ಕ್ಷಣಮಾತ್ರದಲ್ಲಿ ನಡೆಸಿತು. ಅದನ್ನು ಕೊಡತಕ್ಕವರು ಯಾರೆಂಬ ನಿರ್ಣಯಕ್ಕೆ ಹಿಡಿದ ಹೊತ್ತೇ ಹೆಚ್ಚು, ಆ ಹೊತ್ತು ಹಿಡಿದುದು ಸರಿ ಕೂಡ.

ಇಷ್ಟು ಅಪಾಯವುಳ್ಳ ಶಕ್ತಿಯನ್ನು ಕಂಪನಿಗಳ ಕೈಯಲ್ಲಿ ಮಾತ್ರ ಇಟ್ಟರೆ ಲೇಸಲ್ಲವೆ ಎಂದು ಕೇಳುವವರಿದ್ದಾರೆ. ನಾನು ಇದನ್ನು ಒಪ್ಪಲಾರೆ. ಸ್ವತ್ತು ತನ್ನದಾಗಿದ್ದೂ ಅದರ ದ್ವಾರವು ಇನ್ನೊಬ್ಬನ ಕೃಪೆಯಲ್ಲಿದ್ದರೆ ಆ ಸ್ವತ್ವವು ಅರೆಬರೆಯಾದದ್ದು. ಬಿಡಿಭಾಗಗಳನ್ನೂ ದೋಷನಿದಾನದ ಸಾಧನಗಳನ್ನೂ ಸ್ವತಂತ್ರ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದುದು ಕಾನೂನಿಗೆ ವಿರುದ್ಧವೆಂದು ಭಾರತದ ಸ್ಪರ್ಧಾ ಆಯೋಗವು 2014ರಲ್ಲಿ ಹದಿನಾಲ್ಕು ಕಾರು ತಯಾರಕರ ವಿಷಯದಲ್ಲಿ ತೀರ್ಪಿತ್ತಿತು. ಗೋಪ್ಯವೇ ರಕ್ಷಣೆಯೆಂಬ ಮಾತೂ ದುರ್ಬಲವಾದುದು. ಪದ್ಧತಿಯು ಶತ್ರುವಿಗೆ ತಿಳಿದರೂ ಕೆಡದಂತಿರಬೇಕು ಎಂಬ ತತ್ತ್ವವನ್ನು ಗೂಢಲಿಪಿಶಾಸ್ತ್ರಜ್ಞ ಕೆರ್ಕ್‌ಹಾಫ್ಸ್ 1883ರಷ್ಟು ಹಿಂದೆಯೇ ನಿರೂಪಿಸಿದ್ದನು. ಹಾಗಿದ್ದೂ ಮೆಗಾಮೋಸ್ ಎಂಬ ಚಿಪ್ಪಿನ ದೌರ್ಬಲ್ಯವನ್ನು ಸಂಶೋಧಕರು ಕಂಡುಹಿಡಿದಾಗ, ಫೋಕ್ಸ್‌ವಾಗನ್ 2013ರಲ್ಲಿ ಲಂಡನ್ನಿನ ಹೈಕೋರ್ಟಿನಿಂದ ಪ್ರಕಟಣೆಗೆ ತಡೆಯಾಜ್ಞೆ ತಂದಿತು. ಆ ಪ್ರಬಂಧವು ಒಂದು ವಾಕ್ಯವನ್ನು ಕಳೆದುಕೊಂಡು 2015ರಲ್ಲಿ ಹೊರಬಂದಿತು. ನಡುವೆ ಸಂದ ಎರಡು ವರ್ಷಗಳಲ್ಲಿ, ತಮ್ಮ ಕಾರಿನ ಬೀಗ ಎಷ್ಟು ಗಟ್ಟಿಯೆಂಬುದನ್ನು ತಿಳಿಯಲು ಎಲ್ಲರಿಗಿಂತ ಮೊದಲ ಹಕ್ಕುಳ್ಳ ಒಡೆಯರು ಆ ಪ್ರಬಂಧವನ್ನು ಓದುವಂತಿರಲಿಲ್ಲ.

ಅಮೆರಿಕದ ನ್ಯಾಷನಲ್ ಆಟೊಮೋಟಿವ್ ಸರ್ವೀಸ್ ಟಾಸ್ಕ್ ಫೋರ್ಸ್ ಹಿಡಿದ ದಾರಿ ನನಗೆ ಹೆಚ್ಚು ಸಮ್ಮತವಾದುದು. ಅಲ್ಲಿ ಕೀ ಮಾಡುವವನು ತನ್ನ ಪೂರ್ವಚರಿತ್ರೆಯ ಪರಿಶೀಲನೆಗೆ ಒಳಗಾಗಿ ನೋಂದಾಯಿಸಿಕೊಳ್ಳುತ್ತಾನೆ. ಕೋಡನ್ನು ಪಡೆಯುವಾಗ ಗಿರಾಕಿಯ ಗುರುತನ್ನೂ ಒಡೆತನವನ್ನೂ ಪರೀಕ್ಷಿಸಿ ದಾಖಲೆಯಿಡುತ್ತಾನೆ. ಇದರಲ್ಲಿ ಶಕ್ತಿಯು ಹಂಚಿಹೋಗುತ್ತದೆ, ಉತ್ತರವಾದಿತ್ವವೂ ಜೊತೆಯಲ್ಲಿಯೇ ಹೋಗುತ್ತದೆ. ಸ್ಕ್ಯಾನರನ್ನು ಕೊಳ್ಳುವವರು ನನ್ನನ್ನು ಕೇಳಿದರೆ, ಕಾರುಗಳ ಪಟ್ಟಿ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ, ಕೆಲಸಕ್ಕೆ ಮೊದಲು ಚಾಸಿ ನಂಬರನ್ನು ಓದಿ ತೋರಿಸುವ, ಎಷ್ಟು ಕೀಗಳು ನೋಂದಣಿಯಾಗಿವೆಯೆಂದು ತಿಳಿಸುವ, ಮಾಡಿದ ಕೆಲಸದ ದಾಖಲೆಯನ್ನು ಉಳಿಸುವ ಯಂತ್ರವನ್ನೇ ಕೊಳ್ಳಿ ಎಂದೇನು. ಕದ್ದ ಸಾಫ್ಟ್‌ವೇರಿನಿಂದ ನಡೆಯುವ ನಕಲು ಯಂತ್ರವು ಎಷ್ಟು ಅಗ್ಗವಾದರೂ ಬೇಡ. ಒಡೆತನವನ್ನು ಸ್ಥಾಪಿಸುವ ಕೆಲಸಕ್ಕೆ ಕದ್ದ ಸಾಧನವು ಯೋಗ್ಯವಲ್ಲ.

ಫಿಯಟ್ ಕ್ರೈಸ್ಲರ್ ತನ್ನ 2018ರ ಮಾದರಿಗಳಿಂದ ಪೋರ್ಟಿಗೂ ಕಾರಿನ ಒಳಜಾಲಕ್ಕೂ ನಡುವೆ ಕಾವಲು ದ್ವಾರವೊಂದನ್ನು ಇಟ್ಟಿತು. ನೋಂದಣಿಯಾದ ಸ್ಕ್ಯಾನರು ಅಂತರಜಾಲದ ಮೂಲಕ ಅನುಮತಿ ಪಡೆದರೆ ಮಾತ್ರ ಅದು ತೆರೆಯುತ್ತದೆ. ಈ ಪದ್ಧತಿ ಹಬ್ಬುವುದಾದರೆ ಸಾಕ್ಷಿಯ ಪೀಠದಲ್ಲಿ ಅಂಗಳದ ಮನುಷ್ಯನ ಬದಲು ದೂರದ ಸರ್ವರೊಂದು ಕುಳಿತುಕೊಳ್ಳುತ್ತದೆ. ಯಾವ ಸ್ಕ್ಯಾನರು, ಯಾವ ಖಾತೆ ಎಂಬುದನ್ನು ಅದು ತಪ್ಪಿಲ್ಲದೆ ಹೇಳೀತು. ಆರ್‌ಸಿಯಲ್ಲಿರುವ ಹೆಸರಿಗೂ ಎದುರಿಗೆ ನಿಂತ ಹೆಂಗಸಿಗೂ ಏನು ಸಂಬಂಧವೆಂದು ಅದು ಕೇಳಲಾರದು. ಆದಕಾರಣ ನಮ್ಮಲ್ಲಿ ಇಂಥ ದ್ವಾರಗಳು ಬರುವುದಾದರೆ, ಅವುಗಳ ಅನುಮತಿಪತ್ರವು ಷೋರೂಮುಗಳಿಗೆ ಮೀಸಲಾಗದೆ, ದಾಖಲೆಗಳನ್ನು ನೋಡಿ ಸಹಿ ಮಾಡಿ ಜವಾಬು ಹೇಳಲು ಸಿದ್ಧನಾದ ಬೀದಿಯ ಕೀ ಮಾಡುವವನಿಗೂ ದೊರೆಯತಕ್ಕದ್ದು. ಮೃತನ ವಾರಸುದಾರರು ಅವನ ಮುಂದೆ ತಮ್ಮ ಹಕ್ಕನ್ನು ಹೇಳಿಕೊಳ್ಳುವ ಕ್ರಮವನ್ನು ಸಾರಿಗೆ ಇಲಾಖೆಯೇ ಬರಹದಲ್ಲಿ ಗೊತ್ತುಮಾಡತಕ್ಕದ್ದು.